ಯಾರ ಅಳತೆಯ ಪ್ಯಾಂಟು?

ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮ ಕೇರಿಯ ಗೆಳೆಯ ಯುಗಾದಿಗೆ ಸೊಕ್ಕೆಗೆ ಬಂದ. ಸೊಂಟಕ್ಕೆ ಲಾಡಿ, ಕಾಲಿಗೆ ಚೀಲದಂಥ ದೊಗಳೆ ಪ್ಯಾಂಟು. ಕೈಮಗ್ಗದ್ದಂತೆ, ಭೂಮಿಗೆ ಭಾರವಲ್ಲವಂತೆ. ಬೆಲೆ ಮಾತ್ರ ನಮ್ಮ ಕೇರಿಯವರ ವಾರದ ಕೂಲಿಗೂ ಭಾರ. ನಮ್ಮಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು: "ಯಾರು ಕೊಟ್ರಲೇ ಇದನ್ನ? ನಿನ್ನಳತೇದಲ್ಲ."

ಈ ಉಡುಪಿನ ಬಗ್ಗೆ ಇದಕ್ಕಿಂತ ದೊಡ್ಡ ವಿಮರ್ಶೆಯನ್ನು ನಾನು ಕೇಳಿಲ್ಲ.

ಪೇಟೆಯ ಹುಡುಗರಿಗೆ ದೊಗಳೆ ಅಂದರೆ ಸ್ವಾತಂತ್ರ್ಯ. ನಮಗೆ ಅದು ಜಾತಿ. ನಮ್ಮಜ್ಜನ ಮೈ ಮುಟ್ಟಿ ಅಳತೆ ತಗೊಳ್ಳೋಕೆ ಹೇಸಿದ ದರ್ಜಿ, ಮಾರು ದೂರ ನಿಂತು ಕಣ್ಣಳತೆಯಲ್ಲೇ ಕತ್ತರಿ ಹಾಕಿದ. ಅಜ್ಜನ ಮೊದಲ ಪ್ಯಾಂಟು ದೊಗಳೆಯಾಯಿತು. ಅದಕ್ಕೂ ಗತಿಯಿಲ್ಲದವರಿಗೆ ದಣಿಗಳು ಬಿಸಾಕಿದ ಬಟ್ಟೆ. ಅದೂ ದೊಗಳೆಯೇ.

1921ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಮಧುರೆಯಲ್ಲಿ ಅಂಗಿ ಬಿಟ್ಟು ತುಂಡುಪಂಚೆ ಉಟ್ಟರು. ಬಿಡೋದಕ್ಕೆ ಅವರಿಗೆ ಅಂಗಿಯಿತ್ತು. ಬಾಬಾಸಾಹೇಬರು ಅಳತೆಗೆ ಹೊಲಿಸಿದ ಸೂಟು ತೊಟ್ಟರು. ಅದನ್ನು ಷೋಕಿ ಅಂದವರಿಗೆ ನಮ್ಮಜ್ಜನ ಪ್ಯಾಂಟಿನ ಕಥೆ ಗೊತ್ತಿಲ್ಲ.

ತೊಡುವುದಿರಲಿ, ನೇಯಲಿಕ್ಕೂ ಬಿಡಲಿಲ್ಲ. ಮುಂಬಯಿಯ ಗಿರಣಿಗಳ ನೇಯ್ಗೆ ಖಾತೆಗೆ ಅಸ್ಪೃಶ್ಯರನ್ನು ಸೇರಿಸುತ್ತಿರಲಿಲ್ಲ. ಲಾಳಿಯ ತೂತಿನಿಂದ ನೂಲನ್ನು ಬಾಯಲ್ಲಿ ಹೀರಿ ಎಳೆಯಬೇಕಿತ್ತು. ನಮ್ಮ ಎಂಜಲು ಸವರ್ಣ ಕೂಲಿಯ ಬಾಯಿಗೆ ತಾಗಿದರೆ? 1928ರ ಮುಷ್ಕರದ ಹೊತ್ತಿನಲ್ಲಿ ಅಂಬೇಡ್ಕರ್ ಈ ಪ್ರಶ್ನೆಯನ್ನು ಎತ್ತಿದರು. ಒಂದೇ ಹೊಟ್ಟೆಯ ಹಸಿವಿನ ನಡುವೆಯೂ ಜಾತಿ ಲಾಳಿಯಾಡುತ್ತಿತ್ತು.

ನಾನು ಬಟ್ಟೆಯನ್ನು ದೂರುತ್ತಿಲ್ಲ. ಮುಟ್ಟಿ ನೋಡಿದೆ. ಹೊಕ್ಕಿನ ಎಳೆ ಅಲ್ಲೊಂದು ಕಡೆ ದಪ್ಪ, ಇಲ್ಲೊಂದು ಕಡೆ ತೆಳು. ಅದು ಕೈಯ ಗುರುತು. ಬೆವರು ಹೀರುತ್ತೆ, ಗಾಳಿ ಆಡುತ್ತೆ. ನಮ್ಮ ಜಗಳೂರು ಸೀಮೆಯ ಬಿಸಿಲಿಗೆ ಹೇಳಿ ಮಾಡಿಸಿದ್ದು. ದೊಗಳೆಗೆ ಬಟ್ಟೆ ಹೆಚ್ಚು ಬೇಕು. ಹೆಚ್ಚು ಬಟ್ಟೆಯೆಂದರೆ ಮಗ್ಗಕ್ಕೆ ಹೆಚ್ಚು ಕೆಲಸ. ಒಳ್ಳೆಯದೇ, ಕೂಲಿ ನೆಟ್ಟಗೆ ಸಿಕ್ಕರೆ.

ಪ್ಯಾಂಟಿಗೆ ಕಟ್ಟಿದ ಚೀಟಿಯಲ್ಲಿ ಬಣ್ಣ ಕೊಟ್ಟ ಗಿಡದ ಹೆಸರಿದೆ, ಉಳಿಸಿದ ನೀರಿನ ಲೆಕ್ಕವಿದೆ. ನೇಯ್ದವಳಿಗೆ ಎಷ್ಟು ಕೊಟ್ಟರು ಅನ್ನೋದಿಲ್ಲ. 2019-20ರ ಕೈಮಗ್ಗ ಗಣತಿಯ ಪ್ರಕಾರ ಮಗ್ಗದ ಕೆಲಸದಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಸುಮಾರು ಮೂರರಲ್ಲಿ ಎರಡು ಪಾಲು ನೇಕಾರ ಮನೆಗಳ ತಿಂಗಳ ವರಮಾನ 5,000 ರೂಪಾಯಿ ದಾಟುವುದಿಲ್ಲ. ಭೂಮಿಯ ಮೇಲಿನ ಕರುಣೆ ಮಗ್ಗದ ಗುಂಡಿಯಲ್ಲಿ ಇಳಿಬಿಟ್ಟ ಕಾಲುಗಳ ತನಕ ಇಳಿಯದಿದ್ದರೆ ಅದು ಎಂಥ ಕರುಣೆ?

ಬೇರೆ ದಾರಿ ಇಲ್ಲವೆಂದಲ್ಲ. ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ 1990ರ ದಶಕದಲ್ಲಿ ಹುಟ್ಟಿದ 'ಚರಕ' ಹಳ್ಳಿ ಹೆಣ್ಣುಮಕ್ಕಳ ಸಹಕಾರ ಸಂಘ. ನೇಯ್ಗೆ, ಬಣ್ಣ, ಹೊಲಿಗೆ ಎಲ್ಲ ಅವರದೇ. ಸಂಘದಲ್ಲಿ ಕೂತು ಲೆಕ್ಕ ಕೇಳುವ ಹಕ್ಕು ದುಡಿಯುವವಳಿಗೆ ಸಿಗುವುದು ಇಂಥ ಕಡೆ. ದಾನದ ಮಾತಿಗಿಂತ ಆ ಹಕ್ಕು ದೊಡ್ಡದು.

ಗೆಳೆಯ ಅಜ್ಜಿಗೆ ಹೇಳಿದ: "ಯಾರೂ ಕೊಟ್ಟಿದ್ದಲ್ಲಜ್ಜಿ, ನಾನೇ ದುಡ್ದು ತಗಂಡಿದ್ದು." ಅಜ್ಜಿಯ ಮುಖ ಅರಳಿತು. ಆ ಹೆಮ್ಮೆಯನ್ನು ನಾನು ಕಿತ್ತುಕೊಳ್ಳಲಾರೆ. ಆದರೆ ಅವನು ದುಡಿದು ಕೊಂಡದ್ದು ಇನ್ನೊಬ್ಬಳ ಅರೆಹೊಟ್ಟೆಯನ್ನಾಗಬಾರದು. ಆ ಚೀಟಿಯಲ್ಲಿ ಬೆಲೆಯ ಪಕ್ಕಕ್ಕೇ ಕೂಲಿಯನ್ನೂ ಅಚ್ಚು ಹಾಕಲಿ. ಆಮೇಲೆ ಭೂಮಿಯ ಮಾತಾಡೋಣ.