ರೈಲಿನಲ್ಲಿ ವಿವರಣೆ: ರಾಮನಗರದ ಹಳಿಯ ಮೇಲೊಂದು ಪರಿಶೀಲನೆ

ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆ ಮತ್ತು ಆಮ್‌ಟ್ರಾಕ್ ಎಂಬ ಪ್ರಯಾಣಿಕ ರೈಲು ಸಂಸ್ಥೆ ಕೂಡಿ ರೂಪಿಸಿದ ‘ಟ್ರೇಲ್ಸ್ ಅಂಡ್ ರೈಲ್ಸ್’ ಯೋಜನೆಯಲ್ಲಿ ಸ್ವಯಂಸೇವಕರು ದೂರಪ್ರಯಾಣದ ರೈಲುಗಳನ್ನೇರಿ, ಕಿಟಕಿಯಲ್ಲಿ ಹಾದುಹೋಗುವ ಬೆಟ್ಟ, ನದಿ, ಊರುಗಳ ಚರಿತ್ರೆಯನ್ನೂ ನಿಸರ್ಗವನ್ನೂ ಪ್ರಯಾಣಿಕರಿಗೆ ತಿಳಿಸಿಕೊಡುತ್ತಾರೆ. ಇಂಥ ವಿವರಣೆ ಬರಿಯ ಮಾಹಿತಿಯಲ್ಲ, ಕೇಳುಗನ ಅನುಭವಕ್ಕೆ ತಾಗದ ಮಾತು ವ್ಯರ್ಥ ಎಂಬ ತತ್ತ್ವವನ್ನು 1957ರಷ್ಟು ಹಿಂದೆಯೇ ಅಮೆರಿಕದ ಲೇಖಕ ಫ್ರೀಮನ್ ಟಿಲ್ಡನ್ ಪ್ರತಿಪಾದಿಸಿದ್ದರು. ಕರ್ನಾಟಕದಲ್ಲಿ 2021ರ ಜುಲೈನಿಂದ ಯಶವಂತಪುರ–ಮಂಗಳೂರು ಮಾರ್ಗದಲ್ಲಿ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಗಳು ಓಡುತ್ತಿವೆ. ನೋಡುವ ಸೌಕರ್ಯ ಬಂದಿದೆ, ನೋಡಿದ್ದನ್ನು ಬಿಡಿಸಿ ಹೇಳುವ ಪದ್ಧತಿ ಮಾತ್ರ ಬೇರೂರಿಲ್ಲ.

ಆ ಪದ್ಧತಿಯ ಬಲಾಬಲವನ್ನು ಅಳೆಯಲು ಮಂಗಳೂರು ಮಾರ್ಗದ ಘಟ್ಟಕ್ಕಿಂತ ಬೆಂಗಳೂರು–ಮೈಸೂರು ಮಾರ್ಗವೇ ತಕ್ಕ ಒರೆಗಲ್ಲು. 1876–78ರ ಕ್ಷಾಮಕಾಲದ ಬರಪರಿಹಾರ ಕಾಮಗಾರಿಯಾಗಿ ಮೊದಲಾಗಿ 1882ರಲ್ಲಿ ಮೈಸೂರು ಮುಟ್ಟಿದ ಈ ಹಳಿ ಬಿಡದಿ ದಾಟಿದ ಮೇಲೆ ಬಂಡೆಗಳ ನಾಡನ್ನು ಹೊಗುತ್ತದೆ. ಭೂವಿಜ್ಞಾನಿಗಳು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಕರೆಯುವ, ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿದ ಶಿಲೆ ತಣಿದು ಗಟ್ಟಿಯಾದ ಪಟ್ಟಿ ಇದು. ಹೆಸರು ಮಾತ್ರ, ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್‌ನಿಂದಾಗಿ ರಾಮನಗರಕ್ಕೆ ಅಂಟಿಕೊಂಡಿದ್ದ ಹಳೆಯ ಹೆಸರು. ಮಾಗಡಿಯ ಸಾವನದುರ್ಗವೂ ಕನಕಪುರದ ಕಬ್ಬಾಳದುರ್ಗವೂ ಇದೇ ಪಟ್ಟಿಯವಾದ್ದರಿಂದ, ಈ ಹಳಿ ಹಾಯದ ಆ ಎರಡು ತಾಲ್ಲೂಕುಗಳನ್ನೂ ಬಲ್ಲ ವಿವರಣಕಾರ ಇದೊಂದು ಕಿಟಕಿಯಿಂದಲೇ ಮಾತಿಗೆ ತರಬಲ್ಲ.

ತೊಡಕು ಇರುವುದು ಸಮಯದಲ್ಲಿ. ಗಂಟೆಗೆ ನೂರು ಕಿಲೋಮೀಟರ್ ವೇಗದ ರೈಲು ಒಂದು ನಿಮಿಷದಲ್ಲಿ ಒಂದೂವರೆ ಕಿಲೋಮೀಟರಿಗೂ ಹೆಚ್ಚು ದೂರ ಸಾಗುವುದರಿಂದ, ಮಾತು ಬಂಡೆಗಿಂತ ಮೊದಲೇ ಆರಂಭವಾಗಬೇಕು. ಇಷ್ಟು ಇಕ್ಕಟ್ಟಿನಲ್ಲಿ ಸುಲಭವಾಗಿ ಗೆಲ್ಲುವುದು ರಾಮನಗರದ ರಾಮದೇವರಬೆಟ್ಟದಲ್ಲಿ ಚಿತ್ರೀಕರಣಗೊಂಡ 1975ರ ‘ಶೋಲೆ’ ಚಿತ್ರ: ಅದರ ಖಳನಾಯಕ ಗಬ್ಬರನ ಹೆಸರೆತ್ತಿದರೆ ಇಡೀ ಬೋಗಿ ತಿರುಗಿ ನೋಡುತ್ತದೆ, ಅಲ್ಲಿಗೆ ಬೆಟ್ಟದ ಕತೆ ಮುಗಿದಂತೆ. ಆದರೆ ಅದೇ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಗಿದೆ. ಕಡಿದಾದ ಬಂಡೆಯ ಚಾಚುಗಳಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದು, ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಉಳಿದಿದ್ದ ಕಳೇಬರವನ್ನು ತಿಂದು, ಮೂತ್ರಪಿಂಡ ಕೆಟ್ಟು, ದೇಶದುದ್ದಕ್ಕೂ ಅಳಿವಿನಂಚಿಗೆ ಬಂದ ಹಕ್ಕಿ. ಪಶುವೈದ್ಯಕ್ಕೆ ಆ ಔಷಧ 2006ರಲ್ಲಿ ನಿಷೇಧವಾಯಿತು. ಓಡುವ ರೈಲಿನಿಂದ ಹಕ್ಕಿ ಕಾಣುವ ಭರವಸೆಯನ್ನು ಯಾರೂ ಕೊಡಲಾರರು. ಕಾಣದ್ದರ ಬಗೆಗೆ ಆಸಕ್ತಿ ಹುಟ್ಟಿಸುವುದರಲ್ಲೇ ಈ ವಿದ್ಯೆಯ ಕಸುಬುಗಾರಿಕೆ ಇದೆ. ಅದಿಲ್ಲದ ವಿವರಣೆ ಪ್ರವಾಸದ ಕೈಪಿಡಿಯನ್ನು ಗಟ್ಟಿಯಾಗಿ ಓದಿದಂತಾಗುತ್ತದೆ.

ಇನ್ನೂ ದೊಡ್ಡ ಕೊರತೆ ಪದ್ಧತಿಯ ಬುಡದಲ್ಲೇ ಇದೆ. ಪ್ರಯಾಣಿಕನು ಪರಸ್ಥಳದವನು, ಬಲ್ಲವನು ವಿವರಣಕಾರನೊಬ್ಬನೇ ಎಂದು ಅಮೆರಿಕದ ಮಾದರಿ ಎಣಿಸುತ್ತದೆ. ಇಲ್ಲಿನ ಪ್ಯಾಸೆಂಜರ್ ಗಾಡಿಯಲ್ಲಿ ಆ ಎಣಿಕೆ ನಿಲ್ಲುವುದಿಲ್ಲ; ಪಾಸು ಹಿಡಿದು ದಿನವೂ ಓಡಾಡುವವರು ನಿದ್ದೆಗೆ ತಲೆ ವಾಲಿಸಿರುತ್ತಾರೆ, ಅವರ ನಿದ್ದೆ ಕೆಡಿಸುವ ಹಕ್ಕು ಯಾವ ಚರಿತ್ರೆಗೂ ಇಲ್ಲ. ಎಚ್ಚರವಿರುವವರಲ್ಲಿ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹರಾಜನ್ನು ಬಲ್ಲ ರೀಲರುಗಳು ಇರಬಹುದು, ಚನ್ನಪಟ್ಟಣದ ಗೊಂಬೆ ಕೆಲಸದವರೂ ಇರಬಹುದು. ತಿರುಗುವ ಹಾಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೇ ಬಣ್ಣ ಕರಗಿ ಹತ್ತುತ್ತದೆಂದೂ, ಮೇಲೆ ತಾಳೆಗರಿ ಹಿಡಿದರೆ ಹೊಳಪೇರುತ್ತದೆಂದೂ ಸ್ವಯಂಸೇವಕ ಹೇಳುವಾಗ, ಗರಿಯನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕೆಂಬುದು ಎದುರು ಸೀಟಿನಲ್ಲಿ ಕೂತ ಕೈಗೇ ಗೊತ್ತು. ಆ ಕೈಗೆ ಮಾತು ಬಿಟ್ಟುಕೊಟ್ಟು, ಚನ್ನಪಟ್ಟಣ ನಿಲ್ದಾಣ ಬರುವವರೆಗೆ ತಾನು ಸುಮ್ಮನಿರುವ ತರಬೇತಿಯೂ ವಿವರಣಕಾರನಿಗೆ ಬೇಕಾಗುತ್ತದೆ.