ವೀಸಾ ರನ್: ಎಣಿಕೆಯಿಲ್ಲದ ಬಾಗಿಲು

ವೀಸಾ ರನ್ ಎಂಬ ಪದ್ಧತಿಗೆ ಪ್ರವಾಸ ಬರಹಗಾರರು ಕೊಟ್ಟಿರುವ ಕೀರ್ತಿ ಅದರ ಯೋಗ್ಯತೆಗೆ ಮೀರಿದ್ದು. ಥಾಯ್ಲೆಂಡಿನಲ್ಲಿ ತಂಗುವ ಅವಧಿ ಮುಗಿಯುತ್ತಿದ್ದಂತೆ ಗಡಿ ದಾಟುವುದು, ಪಾಸ್‌ಪೋರ್ಟಿಗೆ ಹೊಸ ಮುದ್ರೆ ಹಾಕಿಸಿಕೊಂಡು ಮತ್ತೆ ಪ್ರವಾಸಿಯಾಗಿ ಒಳಗೆ ಬರುವುದು: ಇದನ್ನೇ ಜಾಣತನ, ಸ್ವಾತಂತ್ರ್ಯ ಎಂದು ಕೊಂಡಾಡಲಾಗಿದೆ. ಬೆಳಗ್ಗೆ ಬ್ಯಾಂಕಾಕಿನಲ್ಲಿ ಮಿನಿವ್ಯಾನ್ ಹತ್ತಿ, ಕಾಂಬೋಡಿಯಾದ ಪೊಯ್‌ಪೆಟ್ ಮುಟ್ಟಿ, ಸಂಜೆಯೊಳಗೆ ವಾಪಸಾಗುವುದು ಇದರ ಹಳೆಯ ಮಾದರಿ. ಭಾರತೀಯರಿಗೆ 2023ರ ನವೆಂಬರಿನಲ್ಲಿ 30 ದಿನ, 2024ರ ಜುಲೈನಲ್ಲಿ 60 ದಿನ ವೀಸಾ ಇಲ್ಲದೆ ಇರುವ ಅವಕಾಶ ಸಿಕ್ಕಿತು. ಬೆಂಗಳೂರಿನಿಂದ ಬ್ಯಾಂಕಾಕಿಗೆ ನೇರ ವಿಮಾನವೂ ಇರುವುದರಿಂದ ಈ ಚರ್ಚೆ ಇನ್ನು ಬಿಳಿಯರ ಬೆನ್ನುಚೀಲಕ್ಕಷ್ಟೇ ಸೇರಿದ್ದಲ್ಲ.

ಪದ್ಧತಿಯನ್ನು ಬೈಯುವವರು, ಹೊಗಳುವವರು ಇಬ್ಬರೂ ಪ್ರಯಾಣಿಕನ ನಡತೆಯನ್ನೇ ನೋಡುತ್ತಾರೆ. ನೋಡಬೇಕಾದದ್ದು ನಿಯಮವನ್ನು.

2016ರ ಕೊನೆಯ ದಿನ ಜಾರಿಗೆ ಬಂದ ಥಾಯ್ ನಿಯಮವೊಂದು, ವೀಸಾ ವಿನಾಯಿತಿಯಲ್ಲಿ ರಸ್ತೆಯ ಗಡಿಯಿಂದ ಬರುವವರಿಗೆ ಒಂದು ಕ್ಯಾಲೆಂಡರ್ ವರ್ಷದಲ್ಲಿ ಎರಡೇ ಸಲ ಪ್ರವೇಶ ಎಂದಿತು. ಕಟ್ಟುನಿಟ್ಟು, ಆದರೆ ಸ್ಪಷ್ಟ. ವಿಮಾನದಲ್ಲಿ ಬರುವವರಿಗೆ ಅದು ಸಂಖ್ಯೆ ಹೇಳಲಿಲ್ಲ. ಹಾಗೆಂದು ಮಿತಿ ಇಲ್ಲವೆಂದಲ್ಲ. ಮಿತಿ ಕೌಂಟರಿನಲ್ಲಿ ಕೂತ ಅಧಿಕಾರಿಯ ಮನಸ್ಸಿನಲ್ಲಿದೆ. ಅವರು ಪುಟ ತಿರುವುತ್ತಾರೆ, ಹಳೆಯ ಮುದ್ರೆಗಳನ್ನು ನೋಡುತ್ತಾರೆ, ಈತ ಪ್ರವಾಸಿಯಲ್ಲ ಎಂದು ತೀರ್ಮಾನಿಸುತ್ತಾರೆ. ಆದರೆ ವಾಪಸು ಕಳಿಸಲು 1979ರ ವಲಸೆ ಕಾಯ್ದೆಯ 12ನೇ ಕಲಮಿನ ಕಾರಣವೊಂದನ್ನು ನಮೂದಿಸಬೇಕು. ಅಲ್ಲಿರುವ ಕಾರಣಗಳು ಬೇರೆ: ಜೀವನೋಪಾಯವಿಲ್ಲದಿರುವುದು, ಅನುಮತಿಯಿಲ್ಲದೆ ದುಡಿಯಲು ಬರುವುದು, ಹೀಗೆ. ಎಷ್ಟು ಸಲ ಬಂದ ಎಂಬುದು ಅವುಗಳಲ್ಲಿಲ್ಲ.

ಹೀಗಾಗಿ ಜೇಬಿನಲ್ಲಿ 20,000 ಬಾತ್, ಹೋಟೆಲ್ ಬುಕಿಂಗ್, ಮರಳುವ ಟಿಕೆಟ್ ಎಲ್ಲ ಇರುವವರೂ ಜೀವನೋಪಾಯವಿಲ್ಲದವರೆಂಬ ಷರಾದೊಂದಿಗೆ ಹಿಂತಿರುಗಬೇಕಾದೀತು. ಮೇಲ್ಮನವಿಗೆ 48 ಗಂಟೆ ಕೊಡುತ್ತದೆ ಕಾನೂನು. ಮೇಲ್ಮನವಿಯಲ್ಲಿ ಆತ ಸಾಬೀತು ಮಾಡಬೇಕಾದದ್ದಾದರೂ ಏನನ್ನು? ಹಣ ತೋರಿಸಬಹುದು, ಹಣದ ಬಗ್ಗೆ ಯಾರಿಗೂ ಅನುಮಾನವೇ ಇರಲಿಲ್ಲ. ನಿಜವಾದ ಆಕ್ಷೇಪ ಕಾಗದದ ಮೇಲೆ ಬರುವುದೇ ಇಲ್ಲ, ಆದ್ದರಿಂದ ಅದಕ್ಕೆ ಉತ್ತರ ಕೊಡಲೂ ಆಗದು. ಇಡೀ ವ್ಯವಸ್ಥೆಯ ದೊಡ್ಡ ದೋಷ ಇದೇ.

ಅಧಿಕಾರಿಯ ವಿವೇಚನೆಯನ್ನು ಸಮರ್ಥಿಸುವ ವಿಮರ್ಶಕರಿದ್ದಾರೆ. ಸಂಖ್ಯೆ ಬರೆದಿಟ್ಟರೆ ಜನ ಸರಿಯಾಗಿ ಆ ಸಂಖ್ಯೆಯ ತನಕ ಹೋಗುತ್ತಾರೆ ಎಂಬುದು ಅವರ ವಾದ. ಹೋಗಲಿ! ನಿಯಮ ಇರುವುದೇ ಅದಕ್ಕೆ. ಯುರೋಪಿನ ಷೆಂಗೆನ್ ದೇಶಗಳು ಮಾಡಿರುವುದೂ ಅದನ್ನೇ: ಯಾವುದೇ 180 ದಿನಗಳಲ್ಲಿ 90 ದಿನ, ಬಂದ ದಿನ, ಹೋದ ದಿನ ಎರಡೂ ಲೆಕ್ಕಕ್ಕೆ. ಗಡಿ ದಾಟಿ ಮರಳಿದರೆ ಎಣಿಕೆ ಸೊನ್ನೆಗಿಳಿಯುವುದಿಲ್ಲ. 2025ರ ಅಕ್ಟೋಬರಿನಿಂದ ಈ ಲೆಕ್ಕವನ್ನು ಕಂಪ್ಯೂಟರಿಗೇ ವಹಿಸುವ ಕೆಲಸ ಶುರುವಾಗಿದೆ. ಈ ಲೆಕ್ಕ ತಲೆತಿನ್ನುತ್ತದೆ ಎಂದು ಗೊಣಗುವವರು ಒಂದನ್ನು ಮರೆಯುತ್ತಾರೆ: ಅದನ್ನು ಮನೆಯಲ್ಲೇ ಕೂತು, ಟಿಕೆಟ್ ಕೊಳ್ಳುವ ಮೊದಲೇ ಹಾಕಬಹುದು. ವಿವೇಚನೆಯ ಪಕ್ಷದವರು ಈ ಒಂದು ಅನುಕೂಲಕ್ಕೆ ಇದುವರೆಗೆ ಸರಿಯಾದ ಉತ್ತರ ಕೊಟ್ಟಿಲ್ಲ.

ಥಾಯ್ಲೆಂಡಿನ ಆತಂಕ ಸುಳ್ಳಲ್ಲ. ಪ್ರವಾಸಿಯ ಹೆಸರಿನಲ್ಲಿ ವರ್ಷಗಟ್ಟಲೆ ಇದ್ದು, ಪರವಾನಗಿಯಿಲ್ಲದೆ ಪಾಠ ಹೇಳಿ, ಅಂಗಡಿ ನಡೆಸಿದವರು ಇದ್ದಾರೆ. ದೂರದಿಂದ ಕೆಲಸ ಮಾಡುವವರಿಗಾಗಿ 2024ರಲ್ಲಿ ಡಿಟಿವಿ ಎಂಬ ವೀಸಾ ಬಂದಿದೆ: ಐದು ವರ್ಷ, ಪ್ರತಿ ಪ್ರವೇಶಕ್ಕೆ 180 ದಿನ, ಖಾತೆಯಲ್ಲಿ ಐದು ಲಕ್ಷ ಬಾತ್ ತೋರಿಸಬೇಕು. ಅಷ್ಟು ಹಣವುಳ್ಳವರು ಅದರ ಬಳಿಕವೂ ಮುದ್ರೆಗಾಗಿ ಗಡಿಗೆ ಓಡುವುದಕ್ಕೆ ಸಮರ್ಥನೆಯಿಲ್ಲ. ಮುಂದಿನ ಸಲ ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಎರಡೆರಡು ತಿಂಗಳಿಗೆ ಎದೆ ಹಿಡಿದುಕೊಳ್ಳುವ ಬದುಕನ್ನು ಸ್ವಾತಂತ್ರ್ಯವೆಂದು ಓದುಗರಿಗೆ ಮಾರುವುದನ್ನು ಪ್ರವಾಸ ಬರಹಗಾರರು ನಿಲ್ಲಿಸಬೇಕು. ಬ್ಯಾಂಕಾಕಿನ ಅಧಿಕಾರಿಗಳೂ ವಿಮಾನದ ಪ್ರವೇಶಕ್ಕೆ ಒಂದು ಸಂಖ್ಯೆಯನ್ನು ಕಾನೂನಿನಲ್ಲೇ ಬರೆದು ಪ್ರಕಟಿಸಬೇಕು. ಅದು ಎರಡೇ ಆದರೂ ಸರಿ.