ನಾಯಿ, ಕಪಾಟು ಮತ್ತು ವಿಭಕ್ತಿ ಪ್ರತ್ಯಯ

ಮಕ್ಕಳ ಬೇಸಿಗೆ ಶಿಬಿರಗಳಲ್ಲಿ ಕಥೆ ಬರೆಸುವವರು ಸಾಮಾನ್ಯವಾಗಿ ಕೊಡುವ ಸಲಹೆ, ‘ಮನಸ್ಸಿಗೆ ತೋಚಿದ್ದನ್ನು ಬರೆಯಿರಿ’. ಶಾಲೆಯಲ್ಲಿ ಇದಕ್ಕೆ ತದ್ವಿರುದ್ಧ: ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಗಾದೆ ವಿಸ್ತರಿಸುವುದಾದರೆ ವೇದಕ್ಕೂ ಗಾದೆಗೂ ಹೋಲಿಕೆ ಮಾಡುವ ಮೊದಲ ಸಾಲು ಸಿದ್ಧವಾಗಿಯೇ ಇರುತ್ತದೆ. ಅಲ್ಲಿ ಮಗುವಿಗೆ ಹಿಡಿದುಕೊಳ್ಳಲು ಏನೂ ಇಲ್ಲ, ಇಲ್ಲಿ ಅಲುಗಾಡಲು ಜಾಗವಿಲ್ಲ. ಇಟಲಿಯ ಜಾನ್ನಿ ರೊಡಾರಿ 1973ರಲ್ಲಿ ಪ್ರಕಟಿಸಿದ ‘ಕಲ್ಪನೆಯ ವ್ಯಾಕರಣ’ ನನಗೆ ಮುಖ್ಯವಾಗುವುದು ಈ ಕಾರಣಕ್ಕೆ.

ರೊಡಾರಿ (1920–1980) ಬೇಕರಿಯವನ ಮಗ. ಮೊದಲು ಪ್ರಾಥಮಿಕ ಶಾಲೆಯ ಮೇಷ್ಟ್ರು, ಆಮೇಲೆ ಪತ್ರಕರ್ತ. 1970ರಲ್ಲಿ ಆಂಡರ್ಸನ್ ಪ್ರಶಸ್ತಿ ಪಡೆದ ಮಕ್ಕಳ ಸಾಹಿತಿ. 1972ರ ಮಾರ್ಚ್‌ನಲ್ಲಿ ರೆಜ್ಜೊ ಎಮಿಲಿಯಾ ಎಂಬ ಊರಿನ ಶಿಕ್ಷಕರೊಡನೆ ನಡೆಸಿದ ಮಾತುಕತೆಗಳಿಂದ ಈ ಪುಸ್ತಕ ಹುಟ್ಟಿತು. ಅದನ್ನು ಆ ಊರಿಗೇ ಅರ್ಪಿಸಿದ್ದಾನೆ.

ಪುಸ್ತಕದ ಜೀವಾಳ ಎರಡು ಪದಗಳ ಆಟ. ಒಂದು ಮಗು ಹಲಗೆಯ ಒಂದು ಬದಿಯಲ್ಲಿ ಒಂದು ಪದ ಬರೆಯುತ್ತದೆ. ಅದನ್ನು ನೋಡದ ಇನ್ನೊಂದು ಮಗು ಮತ್ತೊಂದು ಬದಿಯಲ್ಲಿ ಇನ್ನೊಂದು ಪದ. ನಾಯಿ, ಕಪಾಟು. ಕುದುರೆ ಮತ್ತು ನಾಯಿ ಆದರೆ ಕೆಲಸಕ್ಕೆ ಬಾರದು, ಎರಡೂ ಪ್ರಾಣಿಗಳೇ. ಪದಗಳ ನಡುವೆ ದೂರವಿರಬೇಕು. ಆ ದೂರವನ್ನು ದಾಟಲು ರೊಡಾರಿ ಇಟಾಲಿಯನ್ನಿನ ಪುಟ್ಟ ಸಂಬಂಧಸೂಚಕ ಪದಗಳನ್ನು ಬಳಸುತ್ತಾನೆ. ಕನ್ನಡದಲ್ಲಿ ಆ ಕೆಲಸಕ್ಕೆ ವಿಭಕ್ತಿಗಳಿವೆ. ನಾಯಿಯ ಕಪಾಟು ಎಂದರೆ ನಾಯಿಗೂ ಸೊತ್ತಿದೆ ಎಂದಾಯಿತು. ನಾಯಿಗೆ ಕಪಾಟು ಎಂದರೆ ಕೊಟ್ಟವರು ಯಾರೋ ಇದ್ದಾರೆ. ಕಪಾಟಿನಲ್ಲಿ ನಾಯಿ ಎಂದಾಗ, ಒಳಗೆ ಕೂಡಿಹಾಕಿದ್ದು ಯಾರು ಎಂಬ ಪ್ರಶ್ನೆ ಬರುತ್ತದೆ. ಬಾಯಿಪಾಠ ಮಾಡಿ, ಪರೀಕ್ಷೆ ಬರೆದು ಮರೆಯುವ ಪ್ರತ್ಯಯಗಳಲ್ಲಿ ಇಷ್ಟು ಕಥೆಗಳು ಅಡಗಿವೆ ಎಂಬುದನ್ನು ನಮ್ಮ ವ್ಯಾಕರಣದ ತರಗತಿ ಒಮ್ಮೆಯಾದರೂ ಮಕ್ಕಳಿಗೆ ತೋರಿಸಬೇಡವೇ?

ಇನ್ನೊಂದು ಪ್ರಯೋಗ ಹಳೆಯ ಕಥೆಯೊಳಗೆ ಹೊಸ ಪದವನ್ನು ನುಗ್ಗಿಸುವುದು. ಹುಡುಗಿ, ಕಾಡು, ಹೂವು, ತೋಳ, ಅಜ್ಜಿ ಎಂದು ಹೇಳುತ್ತ ಹೋಗಿ, ಕೊನೆಗೆ ಹೆಲಿಕಾಪ್ಟರ್! ಇದನ್ನು ಬರೀ ತಮಾಷೆ ಎಂದುಕೊಂಡರೆ ತಪ್ಪಾದೀತು. ಗೋವಿನ ಹಾಡಿನ ಕಾಡಿಗೆ ಒಂದು ಮೊಬೈಲ್ ತನ್ನಿ. ಪುಣ್ಯಕೋಟಿ ಕರುವಿಗೆ ಫೋನಿನಲ್ಲೇ ವಿದಾಯ ಹೇಳಬಹುದಾದರೆ ಅದು ದೊಡ್ಡಿಗೆ ಹೋಗಬೇಕಾಗಿಲ್ಲ. ಹೋಗದಿದ್ದರೆ ಹಿಂತಿರುಗುವ ಮಾತೇ ಇಲ್ಲ. ಹಿಂತಿರುಗದಿದ್ದರೆ ಹುಲಿಯ ಮನಸ್ಸು ಕರಗುವುದು ಹೇಗೆ? ಕಥೆಯನ್ನು ಉಳಿಸಿಕೊಳ್ಳಲು ಹೊರಟ ಮಗು, ಅದು ಯಾವ ಕಂಬದ ಮೇಲೆ ನಿಂತಿದೆ ಎಂದು ತಾನೇ ಹುಡುಕಬೇಕಾಗುತ್ತದೆ. ‘ಈ ಪದ್ಯದ ಸಾರಾಂಶ ಬರೆಯಿರಿ’ ಎಂಬ ಪ್ರಶ್ನೆಗಿಂತ ಇದು ಎಷ್ಟೋ ಪಾಲು ಒಳ್ಳೆಯ ವಿಮರ್ಶೆಯ ಪಾಠ.

ರೊಡಾರಿಯನ್ನು ಮೆಚ್ಚುವವರು ಅವನ ಸ್ವಾತಂತ್ರ್ಯವನ್ನು ಹೊಗಳುತ್ತಾರೆ. ನಾನು ಮೆಚ್ಚುವುದು ಅವನ ಕಟ್ಟುನಿಟ್ಟನ್ನು. ಗಾಜಿನ ಮನುಷ್ಯನೊಬ್ಬನನ್ನು ಕಲ್ಪಿಸಿಕೊಂಡರೆ ಅವನ ಬದುಕೆಲ್ಲ ಗಾಜಿನ ಗುಣದಿಂದಲೇ ಹೊರಡಬೇಕು: ಅವನು ಪಾರದರ್ಶಕ, ಅವನ ಯೋಚನೆಗಳು ಹೊರಗೆ ಕಾಣುತ್ತವೆ, ಸುಳ್ಳು ಹೇಳಲಾರ, ಒಡೆದುಹೋದಾನು. ನಡುವೆ ಬೇಕಾದಂತೆ ನಿಯಮ ಬದಲಿಸುವ ಹಾಗಿಲ್ಲ.

ಆದರೆ ಪುಸ್ತಕದ ಕೊರತೆಯೂ ಸಣ್ಣದಲ್ಲ. ಕಥೆ ಹುಟ್ಟಿಸುವ ಉಪಾಯಗಳು ಇಲ್ಲಿ ಧಾರಾಳವಾಗಿವೆ. ಬರೆದದ್ದನ್ನು ಮತ್ತೆ ಓದಿ, ಹೊಡೆದುಹಾಕಿ, ತಿದ್ದುವ ಬಗ್ಗೆ ಹೆಚ್ಚೇನೂ ಸಿಗುವುದಿಲ್ಲ. ಏಳೆಂಟು ವರ್ಷದ ಮಗುವಿಗೆ ಅದು ಬೇಕಾಗಿಯೂ ಇಲ್ಲ, ಹೇಳಿ ಮುಗಿಸಿದ ಸಂತೋಷವೇ ಸಾಕು. ಹದಿನೈದರ ಹುಡುಗನ ವಿಷಯ ಬೇರೆ. ಅಪ್ಪನ ಸಾಲ, ತರಗತಿಯಲ್ಲಾದ ಅವಮಾನ, ಯಾರಿಗೂ ಹೇಳಲಾಗದ ಪ್ರೀತಿ ಅವನ ನೋಟ್‌ಬುಕ್ಕಿನ ಕೊನೆಯ ಪುಟಗಳಿಗೆ ಆಗಲೇ ಬಂದಿರುತ್ತವೆ. ಅವನಿಗೆ ವಸ್ತುವಿನ ಬರವಿಲ್ಲ. ಅವನಿಗೆ ಬೇಕಾದದ್ದು ಎರಡನೆಯ ಕರಡನ್ನೂ ಮೂರನೆಯದನ್ನೂ ಪಕ್ಕದಲ್ಲಿ ಕೂತು ಓದುವ, ‘ಈ ಸಾಲು ನಿನ್ನದು, ಇದು ಸಿನಿಮಾದ್ದು’ ಎಂದು ಅವನಿಗೆ ನೋವಾಗದಂತೆ ಹೇಳಬಲ್ಲ ಹಿರಿಯರೊಬ್ಬರು. ಆ ಕೆಲಸಕ್ಕೆ ರೊಡಾರಿಯ ಪುಸ್ತಕದಿಂದ ಹೆಚ್ಚು ಸಹಾಯ ಸಿಗದು. ಮಾಧ್ಯಮಿಕ ಶಾಲೆಯವರೆಗಿನ ಕನ್ನಡ ಶಿಕ್ಷಕರ ಮೇಜಿನ ಮೇಲಂತೂ ಅದು ಇರಲೇಬೇಕು.